ಆಟವೊಂದು, ಹೆಸರು ಹಲವು

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಇಬ್ಬರು ಗೆಳೆಯರಿಗೆ ದೊಡ್ಡ ಜಗಳವೇ ಆಯಿತು. ಜಗಳದ ವಿಷಯ ರಾಜಕೀಯವಲ್ಲ, ಕಾಲೇಜು ಚುನಾವಣೆಯಲ್ಲ, ಊಟದ ಲೆಕ್ಕವೂ ಅಲ್ಲ. 'ಸ್ಟ್ರೀಟ್ ಫೈಟರ್ ೨' ಎಂಬ ಹಳೆಯ ವಿಡಿಯೋ ಆಟದಲ್ಲಿ ಕಟ್ಟಕಡೆಗೆ ಎದುರಾಗುವ, ಕೆಂಪು ಸಮವಸ್ತ್ರದ ಖಳನಾಯಕನ ಹೆಸರೇನು ಎಂಬುದೇ ಪ್ರಶ್ನೆ. ಒಬ್ಬನು 'ವೇಗಾ' ಎಂದನು, ಇನ್ನೊಬ್ಬನು 'ಬೈಸನ್' ಎಂದನು. ಇಬ್ಬರೂ ತಮ್ಮ ತಮ್ಮ ಮೊಬೈಲು ತೆರೆದು ಸಾಕ್ಷ್ಯ ಒದಗಿಸಿದರು. ಒಬ್ಬನ ಬಳಿಯಿದ್ದುದು ಜಪಾನಿನ ಪ್ರತಿ, ಮತ್ತೊಬ್ಬನ ಬಳಿಯಿದ್ದುದು ಅಮೆರಿಕದ ಪ್ರತಿ. ಪಂಚಾಯಿತಿಗೆಂದು ನನ್ನನ್ನು ಕರೆದರು. ಹಳೆಯ ಆಟಗಳ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚಿರುವುದು ಅವರಿಗೆ ತಿಳಿದಿದ್ದಿತು. "ಇಬ್ಬರೂ ಸರಿ" ಎಂದು ತೀರ್ಪು ಕೊಟ್ಟು ಇಬ್ಬರಿಂದಲೂ ಬೈಸಿಕೊಂಡೆ. ತೀರ್ಪಿನ ಹಿಂದಿನ ಕಾರಣಗಳನ್ನು ಹೇಳಲು ಅಂದು ಯಾರೂ ಬಿಡಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ವಿಷಯಕ್ಕೆ ಹೊಸಬರಾದ ವಾಚಕರಿಗಾಗಿ, ಮುಖ್ಯವಾಗಿ ನಮ್ಮ ಅಧ್ಯಾಪಕರಿಗಾಗಿ, ಮೊದಲು ಒಂದೆರಡು ಮಾತು. ವಿಡಿಯೋ ಆಟಗಳ ಬಾಲ್ಯಕಾಲದಲ್ಲಿ, ಅಂದರೆ ೧೯೮೦ ಮತ್ತು ೧೯೯೦ರ ದಶಕಗಳಲ್ಲಿ, ಒಂದು ಆಟ ಜನರನ್ನು ಮೂರು ದಾರಿಗಳಿಂದ ತಲಪುತ್ತಿದ್ದಿತು. ನಾಣ್ಯ ಹಾಕಿ ಆಡುವ ಆಳೆತ್ತರದ ಪೆಟ್ಟಿಗೆ ಒಂದು. ಟೆಲಿವಿಷನ್ನಿಗೆ ಜೋಡಿಸಿ, ನಾವು 'ಕ್ಯಾಸೆಟ್' ಎನ್ನುವ ತುಂಡನ್ನು ಸಿಕ್ಕಿಸಿ ಆಡುವ ಯಂತ್ರ ಎರಡನೆಯದು. ಮನೆಯ ಕಂಪ್ಯೂಟರು ಮೂರನೆಯದು. ಜಪಾನಿನಲ್ಲಿ ಹುಟ್ಟಿದ ಆಟವೊಂದು ಅಮೆರಿಕಕ್ಕೂ ಯುರೋಪಿಗೂ ಹೋಗಬೇಕಾದರೆ ಪ್ರತಿಯೊಂದು ಗಡಿಯಲ್ಲಿಯೂ ಬೇರೆ ಮಾರಾಟಗಾರ, ಬೇರೆ ಕಾನೂನು, ಬೇರೆ ಭಾಷೆ ಎದುರಾಗುತ್ತಿದ್ದುವು. ಮದುವೆಯಾಗಿ ಬಂದ ಸೊಸೆಗೆ ಅತ್ತೆಯ ಮನೆಯಲ್ಲಿ ಹೊಸ ಹೆಸರಿಡುವ ಪದ್ಧತಿ ನಮ್ಮ ಕೆಲವು ಕಡೆ ಇತ್ತಲ್ಲವೇ? ಹಾಗೆಯೇ ಗಡಿ ದಾಟಿದ ಆಟಕ್ಕೂ ಹೊಸ ನಾಮಕರಣ ನಡೆಯುತ್ತಿದ್ದಿತು. ಈ ನಾಮಕರಣಗಳ ಕಾರಣಗಳನ್ನು ಪರಿಶೀಲಿಸಿದರೆ ವ್ಯಾಪಾರವೆಂಬುದು ಹೇಗೆ ಯೋಚಿಸುತ್ತದೆಂಬುದು ಚೆನ್ನಾಗಿ ತಿಳಿಯುತ್ತದೆ.

ಗೆಳೆಯರ ಜಗಳದಿಂದಲೇ ತೊಡಗೋಣ. 'ಸ್ಟ್ರೀಟ್ ಫೈಟರ್ ೨' ಆಟವನ್ನು ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ೧೯೯೧ರಲ್ಲಿ ಹೊರತಂದಿತು. ಅದರಲ್ಲಿ ಒಬ್ಬ ಮುಷ್ಟಿಕಾಳಗದ ವೀರನಿದ್ದಾನೆ. ಜಪಾನಿನಲ್ಲಿ ಅವನ ಹೆಸರು ಎಂ. ಬೈಸನ್. ಹೆಸರಿನಲ್ಲಿಯೂ ರೂಪದಲ್ಲಿಯೂ ಅವನು ಅಂದಿನ ಪ್ರಸಿದ್ಧ ಮುಷ್ಟಿಮಲ್ಲ ಮೈಕ್ ಟೈಸನ್ನನನ್ನು ಹೋಲುತ್ತಿದ್ದನು. ಅಮೆರಿಕದಲ್ಲಿ ಇದರಿಂದ ಮೊಕದ್ದಮೆ ಬಂದೀತೆಂದು ಹೆದರಿದ ಮಾರಾಟಗಾರರು ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ, ಇದ್ದ ಮೂರು ಹೆಸರುಗಳನ್ನೇ ಚಕ್ರದಂತೆ ತಿರುಗಿಸಿಬಿಟ್ಟರು. ಮುಷ್ಟಿವೀರನು 'ಬಾಲ್‌ರಾಗ್' ಆದನು. ಬಾಲ್‌ರಾಗ್ ಎನಿಸಿಕೊಂಡಿದ್ದ ಸ್ಪೇನಿನ ಉಗುರುಗೈಯವನು 'ವೇಗಾ' ಆದನು. ವೇಗಾ ಆಗಿದ್ದ ಖಳನಾಯಕನು 'ಬೈಸನ್' ಆದನು. ಹೀಗೆ ಒಂದು ಮೊಕದ್ದಮೆಯ ಭಯದಿಂದ ಮೂವರ ಹೆಸರು ಅದಲುಬದಲಾಗಿ, ಇಷ್ಟು ವರ್ಷಗಳ ಮೇಲೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಇಬ್ಬರು ಸ್ನೇಹಿತರು ಎರಡು ದಿನ ಮಾತು ಬಿಡಬೇಕಾಯಿತು.

ಇದಕ್ಕಿಂತ ಹಳೆಯದಾದ ಇನ್ನೊಂದು ಉದಾಹರಣೆಯಲ್ಲಿ ಭಯವಿದ್ದುದು ಕಾನೂನಿನದಲ್ಲ, ಪೋಲಿ ಹುಡುಗರದು. ೧೯೮೦ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆಯ ತೋರು ಇವಾತಾನಿ ಎಂಬವರು ಹಳದಿ ಬಣ್ಣದ ದುಂಡು ಬಾಯೊಂದು ಚುಕ್ಕಿಗಳನ್ನು ನುಂಗುತ್ತಾ ಓಡುವ ಆಟವನ್ನು ರಚಿಸಿದರು. ನಾವು ಗಬಗಬ ತಿನ್ನುವುದು ಎನ್ನುವಂತೆ ಜಪಾನೀಯರು 'ಪಾಕು ಪಾಕು' ಎನ್ನುತ್ತಾರೆ. ಈ ಅನುಕರಣ ಶಬ್ದದಿಂದಲೇ ಆಟಕ್ಕೆ 'ಪಕ್ ಮ್ಯಾನ್' ಎಂಬ ಹೆಸರು ಬಂದಿತು. ಅಮೆರಿಕದಲ್ಲಿ ಅದನ್ನು ಮಾರಹೊರಟವರು ಹೆಸರಿನ ಮೊದಲನೆಯ ಇಂಗ್ಲಿಷ್ ಅಕ್ಷರವನ್ನು ನೋಡಿ ಬೆಚ್ಚಿದರು. 'ಪಿ' ಅಕ್ಷರದ ಹೊಟ್ಟೆಯನ್ನು ಸ್ವಲ್ಪ ಕೆರೆದರೆ ಅದು 'ಎಫ್' ಆಗುತ್ತದೆ. ಆಗ ಹುಟ್ಟುವ ಪದವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವಂತಿಲ್ಲ. ಆದ್ದರಿಂದ ಅದು 'ಪ್ಯಾಕ್ ಮ್ಯಾನ್' ಆಯಿತು. ಮುಂದೆ ಆ ಹೆಸರೇ ಲೋಕವಿಖ್ಯಾತವಾಗಿ ಜಪಾನಿಗೂ ಮರಳಿ, ಹುಟ್ಟುಹೆಸರನ್ನು ತಳ್ಳಿ ತಾನೇ ನೆಲೆ ನಿಂತಿತು. ತವರಿಗೆ ಹಿಂದಿರುಗಿದ ಮಗಳನ್ನು ತವರಿನವರೂ ಅತ್ತೆಯ ಮನೆಯ ಹೆಸರಿನಿಂದಲೇ ಕರೆದಂತಾಯಿತು.

ಹೆಸರು ಬದಲಾಯಿಸುವುದರಲ್ಲಿ ನಿಂಟೆಂಡೋ ಸಂಸ್ಥೆ ತೋರಿದ ಜಾಣ್ಮೆಯನ್ನು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಅದು ೧೯೮೩ರ ಜುಲೈ ತಿಂಗಳಲ್ಲಿ ಜಪಾನಿನಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಯಂತ್ರವನ್ನು ೧೪,೮೦೦ ಯೆನ್ ಬೆಲೆಗೆ ಮಾರಾಟಕ್ಕಿಟ್ಟಿತು. ಜನರು ಅದನ್ನು ಮೊಟಕುಗೊಳಿಸಿ 'ಫ್ಯಾಮಿಕಾಮ್' ಎಂದರು. ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಆಟಗಳ ಮಾರುಕಟ್ಟೆ ಕುಸಿದುಬಿದ್ದಿತು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದುವು. ಅಟಾರಿ ಕಂಪನಿಯು ಮಾರಾಟವಾಗದ ಕ್ಯಾಸೆಟ್ಟುಗಳನ್ನು ಲಾರಿಗಳಲ್ಲಿ ಸಾಗಿಸಿ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೋರ್ಡೋ ಎಂಬಲ್ಲಿ ಹೂಳಿಸಿತು. ೨೦೧೪ರಲ್ಲಿ ಆ ಸ್ಥಳವನ್ನು ಅಗೆದು ಅವುಗಳನ್ನು ಮತ್ತೆ ಹೊರತೆಗೆದರು. ೧೯೮೩ರಲ್ಲಿ ಸುಮಾರು ೩೨೦ ಕೋಟಿ ಡಾಲರಿನಷ್ಟಿದ್ದ ವಹಿವಾಟು ೧೯೮೫ರ ಹೊತ್ತಿಗೆ ಸುಮಾರು ೧೦ ಕೋಟಿಗೆ ಇಳಿದಿದ್ದಿತು. 'ವಿಡಿಯೋ ಆಟ' ಎಂಬ ಮಾತೆತ್ತಿದರೆ ಅಂಗಡಿಯವರು ಬಾಗಿಲು ಮುಚ್ಚುವ ಕಾಲ.

ಇಂಥ ಸಮಯದಲ್ಲಿ ನಿಂಟೆಂಡೋ ಸಂಸ್ಥೆಯು ೧೯೮೫ರ ಅಕ್ಟೋಬರಿನಲ್ಲಿ ಅದೇ ಯಂತ್ರವನ್ನು ನ್ಯೂಯಾರ್ಕಿಗೆ ತಂದಿತು. ಆದರೆ ವಿಡಿಯೋ ಆಟವೆಂಬ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ! ಯಂತ್ರಕ್ಕೆ 'ಎಂಟರ್‌ಟೇನ್‌ಮೆಂಟ್ ಸಿಸ್ಟಂ', ಅಂದರೆ ಮನರಂಜನಾ ವ್ಯವಸ್ಥೆ, ಎಂದು ಹೆಸರಿಟ್ಟಿತು. ಕ್ಯಾಸೆಟ್ಟು 'ಗೇಮ್ ಪ್ಯಾಕ್' ಆಯಿತು. ಪೆಟ್ಟಿಗೆಯು 'ಕಂಟ್ರೋಲ್ ಡೆಕ್' ಆಯಿತು. ಜೊತೆಗೊಂದು ಪುಟ್ಟ ಯಂತ್ರಮಾನವನನ್ನು ಸೇರಿಸಿ, ಇದು ಹೊಸ ಬಗೆಯ ಆಟಿಕೆಯೆಂದು ತೋರುವಂತೆ ಮಾಡಿದರು. ಕೆಂಪು ಬಿಳುಪಿನ ಜಪಾನೀ ಯಂತ್ರವು ಇಲ್ಲಿ ಬೂದುಬಣ್ಣ ತಾಳಿತು. ವಿಡಿಯೋ ಕ್ಯಾಸೆಟ್ ಯಂತ್ರದಂತೆ ಮುಂಭಾಗದಿಂದ ತುಂಡನ್ನು ತಳ್ಳುವ ಏರ್ಪಾಡನ್ನು ಅದಕ್ಕೆ ಜೋಡಿಸಿದರು. ವೇಷ ಫಲಿಸಿತು, ಯಂತ್ರ ಮಾರಾಟವಾಯಿತು. ಆದರೆ ವೇಷಕ್ಕೂ ಒಂದು ಬೆಲೆಯುಂಟು. ಮುಂದಿನಿಂದ ತಳ್ಳುವ ಆ ಏರ್ಪಾಡಿನ ಒಳಗಿನ ಸಂಪರ್ಕದ ಹಲ್ಲುಗಳು ಬೇಗ ಸವೆದು, ಪರದೆಯು ಮಿಟುಕತೊಡಗುತ್ತಿದ್ದಿತು. ಅಮೆರಿಕದ ಮಕ್ಕಳು ಕ್ಯಾಸೆಟ್ಟನ್ನು ಹೊರಗೆಳೆದು ಊದಿ ಊದಿ ಮತ್ತೆ ಸಿಕ್ಕಿಸಿದರು. ಹೆಸರನ್ನು ಮರೆಸಲು ಹಾಕಿದ ವೇಷವು ಯಂತ್ರದ ಆರೋಗ್ಯಕ್ಕೇ ಕುತ್ತು ತಂದಿತು.

ಪ್ರತಿಸ್ಪರ್ಧಿಯಾದ ಸೇಗಾ ಸಂಸ್ಥೆಯ ಯಂತ್ರಕ್ಕೆ ೧೯೮೮ರಲ್ಲಿ ಜಪಾನಿನಲ್ಲಿ ಇಟ್ಟ ಹೆಸರು 'ಮೆಗಾ ಡ್ರೈವ್'. ೧೯೮೯ರಲ್ಲಿ ಅಮೆರಿಕಕ್ಕೆ ಬಂದಾಗ ಅದು 'ಜೆನೆಸಿಸ್' ಆಯಿತು. ಸೃಷ್ಟಿ ಎಂದು ಅರ್ಥ, ಬೈಬಲ್ಲಿನ ಮೊದಲ ಪುಸ್ತಕದ ಹೆಸರೂ ಹೌದು. ಯುರೋಪಿನಲ್ಲಿ ಮತ್ತೆ 'ಮೆಗಾ ಡ್ರೈವ್'. ದಕ್ಷಿಣ ಕೊರಿಯಾದ ಕಥೆ ಬೇರೆ. ವಸಾಹತು ಆಳ್ವಿಕೆಯ ಕಹಿ ನೆನಪಿನಿಂದಾಗಿ ಜಪಾನಿನ ಸಾಂಸ್ಕೃತಿಕ ಸರಕುಗಳಿಗೆ ಅಲ್ಲಿ ನಿರ್ಬಂಧವಿದ್ದಿತು. ೧೯೯೮ರಿಂದೀಚೆಗೆ ಅದು ಹಂತಹಂತವಾಗಿ ಸಡಿಲವಾಯಿತು. ಆದ್ದರಿಂದ ಕೊರಿಯಾದ ಕಂಪನಿಗಳೇ ಆ ಯಂತ್ರಗಳನ್ನು ತಮ್ಮ ಹೆಸರಿನಲ್ಲಿ ಮಾರಿದುವು. ಸೇಗಾ ಯಂತ್ರವು ಸ್ಯಾಮ್‌ಸಂಗ್ ಕಂಪನಿಯ ಕೈಯಲ್ಲಿ 'ಸೂಪರ್ ಅಲಾದ್ದೀನ್ ಬಾಯ್' ಎನಿಸಿತು. ನಿಂಟೆಂಡೋ ಯಂತ್ರವು ಹ್ಯುಂಡೈ ಕಂಪನಿಯ ಕೈಯಲ್ಲಿ 'ಕಾಂಬಾಯ್' ಎನಿಸಿತು. ಇತಿಹಾಸದ ಗಾಯವೊಂದು ಮಕ್ಕಳ ಆಟಿಕೆಯ ಹೆಸರಿನ ಮೇಲೂ ಗುರುತು ಬಿಡುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಕೆಲವೆಡೆ ಹೆಸರಿನ ಮೇಲೆ ಬೇರೊಬ್ಬರು ಮೊದಲೇ ಹಕ್ಕು ಸ್ಥಾಪಿಸಿರುತ್ತಾರೆ. ಕ್ಯಾಪ್‌ಕಾಮ್ ಸಂಸ್ಥೆಯ ೧೯೯೬ರ ಭಯಾನಕ ಆಟಕ್ಕೆ ಜಪಾನಿನಲ್ಲಿ 'ಬಯೋಹ್ಯಾಜರ್ಡ್' ಎಂದು ಹೆಸರು. ಅಮೆರಿಕದಲ್ಲಿ ಅದೇ ಹೆಸರಿನ ಸಂಗೀತ ತಂಡವೂ ಇದ್ದಿತು, ಆಟವೂ ಇದ್ದಿತು. ಆಗ ಸಂಸ್ಥೆಯ ನೌಕರರಲ್ಲಿಯೇ ಸ್ಪರ್ಧೆ ನಡೆಸಿ 'ರೆಸಿಡೆಂಟ್ ಈವಿಲ್' ಎಂಬ ಹೆಸರನ್ನು ಆರಿಸಿದರು. ಇನ್ನು ಕೆಲವೆಡೆ ಮಕ್ಕಳ ಹಿತರಕ್ಷಣೆಯ ಕಾನೂನು ಅಡ್ಡ ಬರುತ್ತದೆ. ಕೊನಾಮಿ ಸಂಸ್ಥೆಯ ೧೯೮೭ರ 'ಕಾಂಟ್ರಾ' ಆಟದಲ್ಲಿ ಇಬ್ಬರು ಸೈನಿಕರು ಗುಂಡು ಹಾರಿಸುತ್ತಾ ಮುನ್ನುಗ್ಗುತ್ತಾರೆ. ಯುರೋಪಿನ ಮನೆ ಕಂಪ್ಯೂಟರುಗಳಲ್ಲಿ ಅದರ ಹೆಸರು 'ಗ್ರೈಜೋರ್'. ೧೯೯೦ರಲ್ಲಿ ನಿಂಟೆಂಡೋ ಯಂತ್ರದ ಮೂಲಕ ಯುರೋಪಿಗೆ ಬಂದಾಗಲಾದರೋ ಹೆಸರು ಮಾತ್ರವಲ್ಲ, ಮೈಯೂ ಬದಲಾಯಿತು. ಮನುಷ್ಯರು ಮನುಷ್ಯರನ್ನು ಕೊಲ್ಲುವ ಆಟಗಳ ವಿಷಯದಲ್ಲಿ ಜರ್ಮನಿಯ ನಿಯಮ ಬಲು ಬಿಗಿ. ಸೈನಿಕರನ್ನು ತೆಗೆದು ಯಂತ್ರಮಾನವರನ್ನು ಕೂರಿಸಿ 'ಪ್ರೋಬೊಟೆಕ್ಟರ್' ಎಂದು ಕರೆದರು. ಬ್ರಿಟನ್ನಿನಲ್ಲಿ 'ನಿಂಜಾ' ಎಂಬ ಪದವೇ ಹಿಂಸೆಗೆ ಪ್ರೇರಕವೆಂದು ಭಾವಿಸಿ, ನಿಂಜಾ ಆಮೆಗಳನ್ನು 'ಹೀರೋ' ಆಮೆಗಳೆಂದು ಕರೆದರು. ಆಮೆಗಳ ಕೈಯಲ್ಲಿದ್ದ ಕತ್ತಿ ಮಾತ್ರ ಕೈಯಲ್ಲಿಯೇ ಉಳಿಯಿತು!

ದೇಶ ಬದಲಾಗದೆ ಯಂತ್ರ ಮಾತ್ರ ಬದಲಾದಾಗಲೂ ಹೆಸರು ಬದಲಾಗುವುದುಂಟು. ೧೯೯೩ರಲ್ಲಿ 'ಸ್ಟ್ರೀಟ್ ಫೈಟರ್ ೨' ಆಟದ ಸುಧಾರಿತ ಪ್ರತಿಯು ಅಮೆರಿಕದಲ್ಲಿ ನಿಂಟೆಂಡೋ ಯಂತ್ರಕ್ಕೆ 'ಟರ್ಬೋ' ಎಂಬ ಹೆಸರಿನಿಂದಲೂ, ಸೇಗಾ ಯಂತ್ರಕ್ಕೆ 'ಸ್ಪೆಷಲ್ ಚಾಂಪಿಯನ್ ಎಡಿಷನ್' ಎಂಬ ಹೆಸರಿನಿಂದಲೂ ಬಂದಿತು. ಒಳಗಿನ ಆಟ ಹೆಚ್ಚುಕಡಿಮೆ ಒಂದೇ. ಅದೇ ವರ್ಷದ ಸೆಪ್ಟೆಂಬರ್ ೧೩ರಂದು 'ಮಾರ್ಟಲ್ ಕಾಂಬ್ಯಾಟ್' ಎಂಬ ರಕ್ತಸಿಕ್ತ ಆಟವನ್ನು ಎಲ್ಲ ಯಂತ್ರಗಳಿಗೂ ಒಂದೇ ದಿನ ಬಿಡುಗಡೆಮಾಡಿ, ಆ ಸೋಮವಾರಕ್ಕೇ 'ಮಾರ್ಟಲ್ ಮಂಡೇ' ಎಂದು ಹೆಸರಿಟ್ಟು ಪ್ರಚಾರಮಾಡಿದರು. ಇಲ್ಲಿ ಹೆಸರು ಎರಡೂ ಕಡೆ ಒಂದೇ, ಆದರೆ ಒಳಗಿನ ಸರಕು ಬೇರೆ. ಮಕ್ಕಳ ಸಂಸ್ಥೆಯೆಂಬ ಕೀರ್ತಿಗೆ ಅಂಜಿದ ನಿಂಟೆಂಡೋ ಯಂತ್ರದಲ್ಲಿ ರಕ್ತಕ್ಕೆ ಬದಲು ಬೂದುಬಣ್ಣದ ಬೆವರು. ಸೇಗಾ ಯಂತ್ರದಲ್ಲಿ ಗುಂಡಿಗಳನ್ನು ಒಂದು ಗುಪ್ತ ಕ್ರಮದಲ್ಲಿ ಒತ್ತಿದರೆ ರಕ್ತವೇ ರಕ್ತ. ಸೇಗಾ ಪ್ರತಿಯೇ ಹೆಚ್ಚು ಮಾರಾಟವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಭೆಯು ಈ ಬಗೆಯ ಆಟಗಳ ವಿಚಾರಣೆ ನಡೆಸಿತು. ೧೯೯೪ರಲ್ಲಿ ಆಟಗಳಿಗೆ ವಯೋಮಿತಿಯ ಮುದ್ರೆ ಒತ್ತುವ ಮಂಡಲಿ ಸ್ಥಾಪನೆಯಾಯಿತು.

ಅಕ್ಷರಗಳಂತೆ ಅಂಕಿಗಳೂ ದಾರಿ ತಪ್ಪಿಸಬಲ್ಲುವು. 'ಫೈನಲ್ ಫ್ಯಾಂಟಸಿ' ಎಂಬ ಕಥಾಪ್ರಧಾನ ಆಟದ ಎರಡನೆಯ, ಮೂರನೆಯ ಭಾಗಗಳು ಆಗ ಅಮೆರಿಕಕ್ಕೆ ಹೋಗಲೇ ಇಲ್ಲ. ೧೯೯೧ರಲ್ಲಿ ನಾಲ್ಕನೆಯದು ಹೋದಾಗ ಅದಕ್ಕೆ ಅಲ್ಲಿ 'ಎರಡು' ಎಂದು ಸಂಖ್ಯೆ ಕೊಟ್ಟರು. ಐದನೆಯದೂ ಹೋಗಲಿಲ್ಲ, ೧೯೯೪ರಲ್ಲಿ ಆರನೆಯದು 'ಮೂರು' ಆಯಿತು. ೧೯೯೭ರಲ್ಲಿ ಏಳನೆಯದು ಮಾತ್ರ ಎಲ್ಲ ಕಡೆಯೂ 'ಏಳು' ಎಂದೇ ಬಂದಾಗ, ನಡುವಣ ನಾಲ್ಕು, ಐದು, ಆರು ಎಲ್ಲಿ ಹೋದುವೆಂದು ಅಮೆರಿಕದ ಹುಡುಗರು ತಲೆ ಕೆರೆದುಕೊಂಡರಂತೆ. ಮಾರಿಯೋನ ಕಥೆ ಇದಕ್ಕೂ ಸೋಜಿಗ. ೧೯೮೬ರಲ್ಲಿ ಜಪಾನಿನಲ್ಲಿ ಬಂದ 'ಸೂಪರ್ ಮಾರಿಯೋ ಬ್ರದರ್ಸ್ ೨' ಅತಿ ಕಠಿಣವೆಂದು ಅಮೆರಿಕದವರು ಅದನ್ನು ಬಿಟ್ಟರು. ಅದಕ್ಕೆ ಬದಲಾಗಿ ಫ್ಯೂಜಿ ಟೆಲಿವಿಷನ್ನಿನ ೧೯೮೭ರ ಉತ್ಸವವೊಂದರ ಪ್ರಚಾರಕ್ಕೆಂದು ರಚಿತವಾಗಿದ್ದ 'ದೋಕಿ ದೋಕಿ ಪ್ಯಾನಿಕ್' ಎಂಬ ಬೇರೆಯೇ ಆಟವನ್ನು ತೆಗೆದುಕೊಂಡು, ಪಾತ್ರಗಳ ಮುಖ ಬದಲಿಸಿ, ೧೯೮೮ರಲ್ಲಿ ಅದನ್ನೇ 'ಮಾರಿಯೋ ೨' ಎಂದು ಮಾರಿದರು. ಈ ಸಾಕುಮಗನು ಮನೆಯ ಮಗನೇ ಆಗಿಬಿಟ್ಟನು. ೧೯೯೨ರಲ್ಲಿ ಅದೇ ಆಟ 'ಸೂಪರ್ ಮಾರಿಯೋ ಯು.ಎಸ್.ಎ.' ಎಂಬ ಹೆಸರಿನಲ್ಲಿ ಜಪಾನಿಗೆ ಮರಳಿತು. ಬಿಟ್ಟುಹೋಗಿದ್ದ ಮೂಲ ಮಗನು ೧೯೯೩ರಲ್ಲಿ 'ಕಳೆದುಹೋದ ಹಂತಗಳು' ಎಂಬ ಅರ್ಥದ ಹೆಸರು ಹೊತ್ತು ಅಮೆರಿಕ ಸೇರಿದನು.

ಎಲ್ಲ ಬದಲಾವಣೆಯೂ ಭಯದಿಂದಲೋ ಲೋಭದಿಂದಲೋ ಆದುದಲ್ಲ. ಕೆಲವು ಪ್ರೀತಿಯಿಂದಲೂ ಆದುವು. ಬ್ರೆಜಿಲ್ ದೇಶದಲ್ಲಿ ಸೇಗಾ ಆಟಗಳನ್ನು ಮಾರುತ್ತಿದ್ದ ಟೆಕ್‌ಟಾಯ್ ಸಂಸ್ಥೆಯು ೧೯೯೧ರಲ್ಲಿ ಜಪಾನಿನ 'ವಂಡರ್ ಬಾಯ್' ಸರಣಿಯ ಒಂದು ಆಟದಿಂದ ನಾಯಕನನ್ನು ತೆಗೆದು, ಮೌರಿಸಿಯೋ ಡಿ ಸೋಜಾ ಅವರ ಚಿತ್ರಕಥೆಗಳಲ್ಲಿ ಅಲ್ಲಿನ ಮಕ್ಕಳಿಗೆಲ್ಲ ಚಿರಪರಿಚಿತಳಾದ ಮೋನಿಕಾ ಎಂಬ ಹುಡುಗಿಯನ್ನು ಕೂರಿಸಿತು. ವೀರನ ಕೈಯ ಕತ್ತಿ ಹೋಗಿ ಮೋನಿಕಾಳ ಕೈಯಲ್ಲಿ ಅವಳ ಬಟ್ಟೆಯ ಮೊಲ ಬಂದಿತು! 'ಪೋಕೆಮಾನ್' ಆಟದ ಅನುವಾದಕರೂ ಹೀಗೆಯೇ ಶ್ರಮಪಟ್ಟರು. ಬೆನ್ನಿನ ಮೇಲೆ ಗಡ್ಡೆ ಹೊತ್ತ ಪ್ರಾಣಿಯೊಂದಕ್ಕೆ ಜಪಾನಿನಲ್ಲಿ 'ಫುಷಿಗಿದಾನೆ' ಎಂದು ಹೆಸರು: ವಿಚಿತ್ರ ಬೀಜ ಎಂದೂ, 'ವಿಚಿತ್ರವಲ್ಲವೇ' ಎಂದೂ ಅದಕ್ಕೆ ಎರಡರ್ಥ. ಫ್ರೆಂಚರು ಗಡ್ಡೆ ಮತ್ತು ವಿಚಿತ್ರ ಎಂಬ ತಮ್ಮ ಎರಡು ಪದಗಳನ್ನು ಬೆಸೆದು 'ಬಲ್ಬಿಜಾರ್' ಎಂದರು. ಮೂಲದ ಶ್ಲೇಷೆಯನ್ನು ತಮ್ಮ ನುಡಿಯಲ್ಲಿ ಹೊಸದಾಗಿ ಹುಟ್ಟಿಸಿದ ಇವರನ್ನು ಅನುವಾದಕರೆನ್ನದೆ ಕವಿಗಳೆಂದರೂ ಸಲ್ಲುತ್ತದೆ.

ಹಾಗಾದರೆ ನಮ್ಮ ದೇಶದಲ್ಲಿ? ೧೯೯೫ರಲ್ಲಿ ಷಾ ವ್ಯಾಲೇಸ್ ಕಂಪನಿಯು ಸೇಗಾ ಯಂತ್ರವನ್ನು ಇಲ್ಲಿ ಮಾರಲು ಒಪ್ಪಂದ ಮಾಡಿಕೊಂಡಿತು. ಆಗ ಆಮದು ಸುಂಕ ಶೇಕಡ ೮೦. ಯಂತ್ರದ ಬೆಲೆ ೧೮,೦೦೦ ರೂಪಾಯಿ. ಕೂಲಿಯಿಂದ ಬದುಕುವ ಮನೆಗೆ ಅಂಥ ಯಂತ್ರ ಎಲ್ಲಿಂದ ಬರಬೇಕು? ನಮ್ಮಂಥವರಿಗೆ ದೊರಕಿದುದು ಅಸಲಿನ ನಕಲು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಸೋದರಮಾವನು ಜಾತ್ರೆಯಿಂದ ಒಂದು ಹಳೆಯ ಟಿ.ವಿ. ಆಟದ ಯಂತ್ರವನ್ನೂ, '೯೯೯೯ ಆಟಗಳು' ಎಂದು ಅಚ್ಚಾಗಿದ್ದ ಒಂದು ಕ್ಯಾಸೆಟ್ಟನ್ನೂ ತಂದುಕೊಟ್ಟನು. ನಾನೂ ತಂಗಿಯೂ ರಜೆಯಲ್ಲಿ ಕುಳಿತು ಪಟ್ಟಿಯನ್ನು ಒಂದೊಂದಾಗಿ ತೆರೆದು ನೋಡಿದೆವು. ಇದ್ದುದು ಇಪ್ಪತ್ತು ಚಿಲ್ಲರೆ ಆಟ. ಅವನ್ನೇ ಬೇರೆ ಬೇರೆ ಹಂತದಿಂದ ತೊಡಗಿಸಿ, ಒಂದೊಂದಕ್ಕೂ ಹೊಸ ಹೆಸರು ಕೊಟ್ಟು ಪಟ್ಟಿಯನ್ನು ಉದ್ದಮಾಡಿದ್ದರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆ ಅಂದು ನಮಗೆ ಚೆನ್ನಾಗಿ ಅರ್ಥವಾಯಿತು.

ಆ ಪಟ್ಟಿಯಲ್ಲಿ 'ಟ್ಯಾಂಕ್' ಎಂಬುದೊಂದು ಇದ್ದಿತು. ಇಟ್ಟಿಗೆಯ ಗೋಡೆಯೊಳಗಿನ ಹದ್ದಿನ ಗುರುತನ್ನು ಶತ್ರುಗಳ ಟ್ಯಾಂಕುಗಳಿಂದ ಕಾಯುವುದು ಆಟ. ಇಬ್ಬರು ಜೊತೆಯಾಗಿ ಆಡಬಹುದಾಗಿದ್ದುದರಿಂದ ನನಗೂ ತಂಗಿಗೂ ಅದೇ ಮೆಚ್ಚು. ಒಂದು ದಿನ ಕ್ಯಾಸೆಟ್ಟು ಕೆಟ್ಟಿತು. ಎಷ್ಟು ಊದಿದರೂ ಏಳಲಿಲ್ಲ. ಕಾಲೇಜಿಗೆ ಬಂದ ಮೇಲೆ ಆ ಆಟವನ್ನು ಮತ್ತೆ ಹುಡುಕಹೊರಟೆ. 'ಟ್ಯಾಂಕ್' ಎಂದು ಹುಡುಕಿದರೆ ನೂರಾರು ಆಟಗಳು ಬರುತ್ತಿದ್ದುವು, ನಮ್ಮದು ಮಾತ್ರ ಬರುತ್ತಿರಲಿಲ್ಲ. ಅದರ ನಿಜನಾಮ 'ಬ್ಯಾಟಲ್ ಸಿಟಿ' ಎಂದೂ, ೧೯೮೫ರಲ್ಲಿ ಜಪಾನಿನ ಫ್ಯಾಮಿಕಾಮಿಗಾಗಿ ಅದನ್ನು ರಚಿಸಿದವರು ಪ್ಯಾಕ್ ಮ್ಯಾನ್ ಕೊಟ್ಟ ನಾಮ್ಕೋ ಸಂಸ್ಥೆಯವರೇ ಎಂದೂ ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿದ್ದಿತು. ನಮ್ಮ ಕ್ಯಾಸೆಟ್ಟಿನ ಮೊದಲ ಪರದೆಯಲ್ಲಿ ಸಂಸ್ಥೆಯ ಹೆಸರಿರಬೇಕಾದ ಸ್ಥಳ ಖಾಲಿಯಾಗಿದ್ದಿತು. ನಕಲು ಮಾಡಿದವರು ಅದನ್ನು ಅಳಿಸಿದ್ದರು. ಬಾಲ್ಯವಿಡೀ ಯಾರೋ ಬೆವರು ಸುರಿಸಿ ಮಾಡಿದ ಅನ್ನವನ್ನು ಉಂಡು, ಬಡಿಸಿದವರ ಹೆಸರನ್ನೂ ಕೇಳದೆ ಎದ್ದೆವಲ್ಲಾ ಎಂದು ನನಗೆ ಅಂದು ನಾಚಿಕೆಯಾಯಿತು.

ಆದರೆ ಹೆಸರನ್ನು ಅಳಿಸಿದವರು ನಕಲು ಮಾಡುವವರು ಮಾತ್ರವೇ ಎಂದು ಕೇಳಿದರೆ, ಅಲ್ಲವೆನ್ನಬೇಕು. ಅಸಲಿನ ಒಡೆಯರೂ ಅದನ್ನೇ ಮಾಡಿದ್ದರು. ಅಟಾರಿ ಕಂಪನಿಯು ತನ್ನ ಆಟಗಳನ್ನು ರಚಿಸಿದವರ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ಇದರಿಂದ ಬೇಸತ್ತು ನಾಲ್ವರು ರಚನಕಾರರು ಹೊರಬಂದು ೧೯೭೯ರಲ್ಲಿ 'ಆಕ್ಟಿವಿಷನ್' ಸಂಸ್ಥೆ ಕಟ್ಟುವುದರಲ್ಲಿ ಪಾಲ್ಗೊಂಡರು. ಅಲ್ಲಿ ರಚಿಸಿದವರ ಹೆಸರಿಗೆ ಗೌರವದ ಸ್ಥಾನವಿದ್ದಿತು. ವಾರನ್ ರಾಬಿನೆಟ್ ಎಂಬವರು ಅಟಾರಿಯಲ್ಲಿಯೇ ಇದ್ದು, 'ಅಡ್ವೆಂಚರ್' ಎಂಬ ತಮ್ಮ ಆಟದೊಳಗೆ ಒಂದು ಗುಪ್ತ ಕೋಣೆಯನ್ನು ಕಟ್ಟಿ, ಅದರಲ್ಲಿ ತಮ್ಮ ಹೆಸರನ್ನು ಬರೆದಿಟ್ಟು ಕೆಲಸ ಬಿಟ್ಟರು. ಆಮೇಲೆ ಆಟಗಾರನೊಬ್ಬ ಅದನ್ನು ಪತ್ತೆಹಚ್ಚಿದನು. ಜಪಾನಿನಲ್ಲಿ ಬೇರೆ ಕಂಪನಿಗಳು ತಮ್ಮ ಕೆಲಸಗಾರರನ್ನು ಸೆಳೆದಾರೆಂಬ ಭಯದಿಂದ, ಆಟದ ಕೊನೆಯ ಪಟ್ಟಿಯಲ್ಲಿ ನಿಜನಾಮಗಳ ಬದಲು ಅಡ್ಡಹೆಸರುಗಳನ್ನು ಹಾಕುವ ರೂಢಿಯಿದ್ದಿತು.

ಹೀಗೆ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಸರಕಿನ ಹೆಸರನ್ನು ವ್ಯಾಪಾರಿಯು ಎಷ್ಟು ಸಲವಾದರೂ ಬದಲಿಸಬಹುದು. ಬದಲಿಸಿದಷ್ಟೂ ಅದು ಮಾರಾಟವಾದೀತು. ಸರಕನ್ನು ಮಾಡಿದ ಮನುಷ್ಯನಿಗಾದರೋ ಇರುವುದು ಒಂದೇ ಹೆಸರು. ಅದು ಒಮ್ಮೆ ಅಳಿಸಿಹೋದರೆ ಮತ್ತೆ ಹುಡುಕುವುದು ಬಹು ಕಷ್ಟ. ನಮ್ಮ ತಂದೆಯವರು ಗಾರೆ ಕೆಲಸ ಮಾಡಿದ ಕಟ್ಟಡಗಳು ನಮ್ಮ ಊರಿನ ಪೇಟೆಯಲ್ಲಿ ಹಲವಿವೆ. ಒಂದರ ಕಲ್ಲಿನ ಮೇಲೂ ಅವರ ಹೆಸರಿಲ್ಲ. ಆದ್ದರಿಂದಲೋ ಏನೋ, ಈ ಮಾತು ನನಗೆ ಪುಸ್ತಕದ ಮಾತಾಗಿ ತೋರುವುದಿಲ್ಲ.

ಕೊನೆಯಲ್ಲಿ ಮತ್ತೆ ನಮ್ಮ ವಿದ್ಯಾರ್ಥಿನಿಲಯಕ್ಕೆ ಬರುತ್ತೇನೆ. ವೇಗಾನೋ ಬೈಸನ್ನೋ ಎಂದು ಜಗಳವಾಡಿದ ಗೆಳೆಯರಿಬ್ಬರೂ ರಾಜಿಯಾದ ಮೇಲೆ ಒಂದು ಸಂಜೆ ಅದೇ ಆಟದ ರಾಗವನ್ನು ಒಟ್ಟಿಗೆ ಗುನುಗುತ್ತಾ ಬಟ್ಟೆ ಒಗೆಯುತ್ತಿದ್ದರು. "ಇದನ್ನು ಮಾಡಿದವರು ಯಾರು, ಬಲ್ಲಿರಾ?" ಎಂದು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಆ ಆಟದ ಬಹುಪಾಲು ರಾಗಗಳನ್ನು ರಚಿಸಿದವರು ಯೋಕೊ ಶಿಮೊಮುರಾ ಎಂಬ ಮಹಿಳೆ. ಆಟದ ಕೊನೆಯ ಪಟ್ಟಿಯಲ್ಲಿ ಅವರ ಹೆಸರು ಹಾಗಿಲ್ಲ. 'ಶಿಮೊ-ಪಿ' ಎಂದಷ್ಟೇ ಇದೆ. ನಾನು ಹೆಸರು ಹೇಳಿದೆ. ಒಬ್ಬನು ಅದನ್ನು ಎರಡು ಸಲ ಉಚ್ಚರಿಸಿ ಸರಿಪಡಿಸಿಕೊಂಡನು. ಇನ್ನೊಬ್ಬನು ಒದ್ದೆ ಕೈ ಒರೆಸಿಕೊಂಡು ಮೊಬೈಲಿನಲ್ಲಿ ಬರೆದಿಟ್ಟುಕೊಂಡನು. ಈ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಜಗಳವಾಗಲಿಲ್ಲ.